ಗುಂಡಿಹೂವಿನ ಕಲ್ಲು

ಇಂಡಿ ಸುತ್ತಮುತ್ತ ಲಿಂಬೆಹಣ್ಣು ಯಾರ ಮನೆಗೆ ಹೋದರೂ ಸಿಗುತ್ತದೆ. ಸಮುದ್ರದ ಮೀನು ಸಿಗುತ್ತಿದ್ದುದು ಒಂದೇ ಮನೆಯಲ್ಲಿ. ಸಿಂದಗಿ ರಸ್ತೆಯ ಬದಿಯ ಬಡಾವಣೆಯಲ್ಲಿ ಲಾರಿ ನಿಂತಿರುವ ಮನೆ ಯಾವುದೆಂದು ಕೇಳಿದರೆ, "ಮೀನದ ಜಯಮಾಲಾನ ಮನಿ ಏನ್ರಿ?" ಎಂದು ಜನ ತಿರುಗಿ ಕೇಳುತ್ತಿದ್ದರು.

ಜಯಮಾಲಾ ತಾಂಬಾದ ಮಗಳು. ವಿಜಯಪುರದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಾಗ ಶ್ರೀಶೈಲನ ಜೊತೆ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಶ್ರೀಶೈಲನಿಗೆ ಸ್ವಂತ ಲಾರಿ ಇತ್ತು. ತೋಟಗಳಿಂದ ಲಿಂಬೆಹಣ್ಣು ತುಂಬಿಕೊಂಡು ಸೊಲ್ಲಾಪುರ, ಪುಣೆ ದಾಟಿ ಮುಂಬೈ ಮಾರುಕಟ್ಟೆಗೆ ಮುಟ್ಟಿಸಿ ಬರುತ್ತಿದ್ದ. ತಿಂಗಳಲ್ಲಿ ಅರ್ಧಕ್ಕರ್ಧ ರಸ್ತೆಯ ಮೇಲೆಯೇ ಕಳೆಯುತ್ತಿತ್ತು. ಒಬ್ಬಳೇ ಮಗಳು ಸುನಂದಾಳನ್ನು ಮುದ್ದೇಬಿಹಾಳಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಇಬ್ಬರು: ಜಯಮಾಲಾ ಮತ್ತು ಅವಳ ಅತ್ತೆ ಲಕ್ಕವ್ವ.

ಆ ಖಾಲಿತನ ಹೆಂಡತಿಯನ್ನು ತಿನ್ನುತ್ತಿದೆ ಎಂದು ಶ್ರೀಶೈಲನಿಗೆ ತಿಳಿಯಿತೋ ಏನೋ. ಒಂದು ಸಲ ಸೊಲ್ಲಾಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಪಕ್ಕದ ಅಂಗಡಿಯ ಗಾಜಿನೊಳಗೆ ಕೇಸರಿ ಬಣ್ಣದ, ಬಿಳಿ ಪಟ್ಟಿಯ ಎರಡು ಮೀನು ಕಂಡವು. ಅಂಗಡಿ ನಿಯಾಜ್ ಎಂಬವನದು. ಕ್ಲೌನ್ ಮೀನು, ಜೋಡಿ, ಮುಂಬೈಯಿಂದ ಬಂದದ್ದು ಎಂದ. ಗಾಜಿನ ತೊಟ್ಟಿ, ಪಂಪು, ಉಪ್ಪಿನ ಚೀಲ ಎಲ್ಲವನ್ನೂ ಲಾರಿಯ ಕ್ಯಾಬಿನ್ನಿನಲ್ಲಿ ತುಂಬಿಸಿಕೊಂಡು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕ್ಲೀನರನ ತೊಡೆಯ ಮೇಲೆ ಇರಿಸಿ, ಶ್ರೀಶೈಲ ಮನೆಗೆ ತಂದ.

ಲಕ್ಕವ್ವ ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಳು. "ಲಿಂಗಪೂಜಿ ಮಾಡೋ ಮನ್ಯಾಗ ಮೀನ ತಂದಿ?"

"ತಿನ್ನಾಕಲ್ಲ ಯವ್ವಾ, ನೋಡಾಕ," ಎಂದ ಮಗ.

ಅವಳು ಕೆಲವು ದಿನ ಪಡಸಾಲೆಯ ಆ ಮೂಲೆಗೆ ಮುಖ ತಿರುಗಿಸಲಿಲ್ಲ. ಆಮೇಲೆ ಯಾವಾಗಲೋ ಮಣೆ ಹಾಕಿಕೊಂಡು ತೊಟ್ಟಿಯ ಮುಂದೆ ಕೂತು ಜಪ ಮಾಡುವುದು ರೂಢಿಯಾಯಿತು. ಜಪ ಮಾಡುತ್ತಿದ್ದಳೋ ಮೀನು ನೋಡುತ್ತಿದ್ದಳೋ, ಜಯಮಾಲಾ ಕೇಳಲಿಲ್ಲ.

ಜಯಮಾಲಾ ಮಾತ್ರ ಅದರಲ್ಲಿ ಮುಳುಗಿಹೋದಳು. ಬೋರಿನ ನೀರು ಬಳಸುವಂತಿರಲಿಲ್ಲ. ಫಿಲ್ಟರಿನ ನೀರು ಹಿಡಿದು ಉಪ್ಪು ಕಲಸಿ, ತೂಕ ನೋಡಿ ಹಾಕಬೇಕು. ಬೇಸಿಗೆಯಲ್ಲಿ ನೀರು ಕಾಯದಂತೆ ತೊಟ್ಟಿಯ ಮೇಲೆ ಫ್ಯಾನ್ ತಿರುಗಿಸಬೇಕು. ಕರೆಂಟು ಹೋದರೆ ಇನ್ವರ್ಟರಿನಲ್ಲಿ ಮನೆಯ ದೀಪಕ್ಕಿಂತ ಮೊದಲು ಮೀನಿನ ಗಾಳಿ ಪಂಪು ನಡೆಯಬೇಕು. ಇದೆಲ್ಲವನ್ನೂ ಫೋನಿನಲ್ಲಿ ವಿಡಿಯೋ ನೋಡಿ ಕಲಿತಳು. ಮರುವರ್ಷ ಜೋಡಿ ಮೊಟ್ಟೆ ಇಟ್ಟಿತು, ಮೂಲೆಯಲ್ಲಿ ಮಗುಚಿ ಇಟ್ಟ ಮಣ್ಣಿನ ಕುಡಿಕೆಯ ಮೇಲೆ, ಕುಂಕುಮದ ಚುಕ್ಕೆಗಳಂತೆ. ಹೆಣ್ಣು ಇಟ್ಟು ಹೋಯಿತು. ಕಾದದ್ದು ಗಂಡು. ಹಗಲೆಲ್ಲ ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಬಾಯಿಂದ ಆರಿಸುತ್ತ ಅಲ್ಲೇ ನಿಂತಿತು.

ಲಕ್ಕವ್ವ ಇದನ್ನು ಬಹಳ ಹೊತ್ತು ನೋಡಿ ಹೇಳಿದಳು: "ಗಂಡಸು ಕೂಸು ನೋಡಕೊಳ್ಳೂದು ಈ ಮನ್ಯಾಗ ಇದ ಮೊದಲು."

ಮೊದಲ ಮರಿಗಳು ಒಂದೂ ಉಳಿಯಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗೆ ಅದಕ್ಕಿಂತ ಸಣ್ಣ ಆಹಾರ ಬೇಕು. ರೋಟಿಫರ್ ಎಂಬ ಆ ಜೀವಿಯನ್ನು ಹಸಿರು ನೀರಿನ ಬಾಟಲಿಯಲ್ಲಿ ಬೆಳೆಸುವುದನ್ನು ಜಯಮಾಲಾ ಕಲಿಯುವ ಹೊತ್ತಿಗೆ ಮೂರು ಸಲ ಮೊಟ್ಟೆ ವ್ಯರ್ಥವಾಗಿದ್ದವು. ನಾಲ್ಕನೆಯ ಸಲ ಒಂದಿಷ್ಟು ಮರಿ ಬದುಕಿ, ಮೈಮೇಲೆ ಬಿಳಿ ಪಟ್ಟಿ ಮೂಡಿದಾಗ ಅವಳು ಸುನಂದಾಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿ ಅತ್ತಳು. ತಾಂಬಾದಿಂದ ಅಣ್ಣತಮ್ಮಂದಿರು ಬಂದು ನೋಡಿಹೋದರು.

ಆ ಕಲ್ಲು ಮನೆಗೆ ಬಂದದ್ದು ಅದೇ ಸಂತೋಷದ ದಿನಗಳಲ್ಲಿ. ಶ್ರೀಶೈಲ ಉಪ್ಪು ತರಲು ಹೋದಾಗ, ಅಕ್ಕ ಮರಿ ಮಾಡಿಸಿದ್ದಾರಂತಲ್ಲ ಎಂದು ನಿಯಾಜ್ ತನ್ನ ಖುಷಿಗೆ ಒಂದು ಮುಷ್ಟಿಗಾತ್ರದ ಸಮುದ್ರದ ಕಲ್ಲನ್ನು ಚೀಲದಲ್ಲಿ ಹಾಕಿಕೊಟ್ಟ. ಕಲ್ಲಿನ ಮೇಲೆ ಅಂಗಿಯ ಗುಂಡಿಯಂಥ ಜೀವಂತ ಹವಳಗಳಿದ್ದವು. ದೀಪ ಹಚ್ಚಿದರೆ ಅರಳುತ್ತಿದ್ದವು, ಹಸಿರು ಅಂಚು, ನಡುವೆ ಕೆಂಪು. ಕೈಯ ನೆರಳು ಬಿದ್ದರೆ ಥಟ್ಟನೆ ಮುಚ್ಚಿಕೊಳ್ಳುತ್ತಿದ್ದವು. ಸುನಂದಾ ಅದಕ್ಕೆ ಗುಂಡಿಹೂವು ಎಂದು ಹೆಸರಿಟ್ಟಳು.

ಲಕ್ಕವ್ವನಿಗೆ ಅದು ಸೇರಲಿಲ್ಲ. "ಹೂವಲ್ಲ ಜಯಾ ಇವು, ಕಣ್ಣು. ನಾ ಜಪಕ್ಕ ಕುಂತ್ರ ನನ್ನ ನೋಡತಾವ." ಮರುದಿನದಿಂದ ಅವಳು ಮಣೆಯನ್ನು ತೊಟ್ಟಿಯ ಇನ್ನೊಂದು ಬದಿಗೆ ಹಾಕಿಕೊಂಡಳು.

ಕಲ್ಲಿನ ಮೇಲಿನ ಗುಂಡಿಗಳು ಹೆಚ್ಚುತ್ತ ಹೋದವು. ಜಯಮಾಲಾಳ ಕೈಗೆ ಬಂದದ್ದು ಬೆಳೆಯುತ್ತದೆ ಎಂದು ನೆರೆಯ ಸಾಬೀರಾ ಹೊಗಳಿದಳು. ಸಾಬೀರಾ ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವವಳು, ಮಧ್ಯಾಹ್ನ ಕೆಲಸ ಮುಗಿಸಿ ಮೀನು ನೋಡಲು ಬಂದು ಕೂರುತ್ತಿದ್ದಳು. ಅಷ್ಟರಲ್ಲಿ ಜಯಮಾಲಾ ಮರಿ ಮಾರತೊಡಗಿದ್ದಳು. ಕೊಂಡವರು ಕಲ್ಲನ್ನೂ ಕೇಳಿದರು. ಜಯಮಾಲಾ ಉಳಿ ಹಿಡಿದು ಕಲ್ಲಿನ ಅಂಚನ್ನು ಮೂರು ಕಡೆ ಒಡೆದಳು. ಒಂದು ಚೂರು ಎರಡು ಮರಿಗಳೊಂದಿಗೆ ಮಗಳ ಜೊತೆ ಮುದ್ದೇಬಿಹಾಳಕ್ಕೆ ಹೋಯಿತು. ಒಂದನ್ನು ಸಿಂದಗಿಯ ಹೈಸ್ಕೂಲು ಮೇಷ್ಟ್ರು ಧರ್ಮರಾಜ ಒಯ್ದರು. ಇನ್ನೊಂದನ್ನು ಬಸವನ ಬಾಗೇವಾಡಿಯಲ್ಲಿ ಮಿಠಾಯಿ ಅಂಗಡಿ ಇಟ್ಟ ಬಾಬುಲಾಲ ಸೇಠರು ಗಿರಾಕಿಗಳು ನೋಡಲೆಂದು ತಮ್ಮ ಅಂಗಡಿಯ ತೊಟ್ಟಿಗೆ ಹಾಕಿಸಿಕೊಂಡರು.

ಒಡೆದ ದಿನ ಒಂದು ಗುಂಡಿಯಿಂದ ಅವಳ ಮುಖಕ್ಕೆ ನೀರು ಸಿಡಿಯಿತು. ಸಂಜೆ ಕಣ್ಣು ಕೆಂಪಾಗಿ ಊದಿಕೊಂಡಿತು. ಊರಲ್ಲಿ ಕಣ್ಣುಬೇನೆ ನಡೆದಿತ್ತು. ಡಾಕ್ಟರು ಅದೇ ಎಂದು ಹನಿ ಕೊಟ್ಟರು. ಬೆರಳ ತುದಿಗಳಲ್ಲಿ ಎರಡು ದಿನ ಸ್ಪರ್ಶವಿರಲಿಲ್ಲ. ಉಪ್ಪುನೀರಿನ ಕೆಲಸ, ಹೀಗೇ ಎಂದುಕೊಂಡಳು. ಒಡೆದ ಪುಡಿಯನ್ನು ತೊಳೆದ ನೀರು ಹಿತ್ತಲಲ್ಲಿ ಚೆಲ್ಲಿತ್ತು. ಅದನ್ನು ನೆಕ್ಕುತ್ತಿದ್ದ ಓಣಿಯ ಬೆಕ್ಕು ಮರುದಿನ ಗೋಡೆಯ ಬುಡದಲ್ಲಿ ಸೆಟೆದು ಬಿದ್ದಿತ್ತು. ಯಾರೋ ಇಲಿ ಪಾಷಾಣ ಇಟ್ಟಿದ್ದಾರೆ ಎಂದು ಸಾಬೀರಾ ಬೈದಳು. ಜಯಮಾಲಾಳೂ ಅದನ್ನೇ ನಂಬಿದಳು. ಬೇರೆ ಏನನ್ನು ನಂಬಬೇಕಿತ್ತು? ಹೂವಿನಂಥ ಒಂದು ವಸ್ತುವಿನ ಮೇಲೆ ಸಂಶಯ ಪಡಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಗುಂಡಿಹೂವು ಕಲ್ಲು ದಾಟಿ ಮೊಟ್ಟೆಯ ಕುಡಿಕೆಗೆ ಹತ್ತಿತು. ಗಂಡು ಮೀನು ಕುಡಿಕೆಯ ಹತ್ತಿರ ಹೋಗಿ ಹಿಂದೆ ಸರಿಯುವುದನ್ನು ಜಯಮಾಲಾ ಕಂಡಳು. ಆ ಸಲ ಜೋಡಿ ಮೊಟ್ಟೆ ಇಡಲಿಲ್ಲ. ಹಬ್ಬಕ್ಕೆ ಮನೆ ತೊಳೆಯುವ ದಿನಗಳು. ಇದನ್ನೂ ತೊಳೆದುಬಿಡೋಣ, ಹವಳ ಹೋಗಲಿ, ಕಲ್ಲು ಉಳಿಯಲಿ ಎಂದು ತೀರ್ಮಾನಿಸಿದಳು.

ಮಧ್ಯಾಹ್ನ ಊಟವಾಗಿತ್ತು. ಶ್ರೀಶೈಲ ಪುಣೆಯ ದಾರಿಯಲ್ಲಿದ್ದ. ಲಕ್ಕವ್ವ ಬಚ್ಚಲ ಪಕ್ಕದ ತನ್ನ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಮಲಗಿದ್ದಳು. ಬಚ್ಚಲಿಗಿದ್ದುದು ಒಂದೇ ಸಣ್ಣ ಕಿಟಕಿ, ಧೂಳೆಂದು ಅದನ್ನು ಮುಚ್ಚಿತ್ತು. ಜಯಮಾಲಾ ಕಲ್ಲನ್ನೂ ಕುಡಿಕೆಯನ್ನೂ ತಾಮ್ರದ ಪಾತ್ರೆಯಲ್ಲಿಟ್ಟು, ಹಂಡೆಯಿಂದ ಕುದಿಯುವ ನೀರು ಮೊಗೆದು ಸುರಿದಳು. ಉಗಿ ಎದ್ದಿತು. ಹಳೆಯ ಬ್ರಶ್ಶಿನಿಂದ ತಿಕ್ಕಿದಳು. ಗುಂಡಿಗಳು ಲೋಳೆಯಾಗಿ ಕಳಚಿ ಬಂದವು. ಮತ್ತೆ ಸುರಿದಳು, ಮತ್ತೆ ತಿಕ್ಕಿದಳು. ಬಾಯಲ್ಲಿ ಕಹಿ, ನಾಣ್ಯ ಚೀಪಿದಂಥ ರುಚಿ. ಪಾತ್ರೆ ಕಿಲುಬು ಹಿಡಿದಿರಬೇಕೆಂದು ಉಗುಳಿ ಕೆಲಸ ಮುಂದುವರಿಸಿದಳು.

ಒಳಗಿನಿಂದ ಲಕ್ಕವ್ವ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಕರೆದಳು. "ಜಯಾ, ಏನ ಸುಡಾಕತ್ತಿ? ಗಂಟಲ ಕೊರಿಯಾಕತ್ತೈತಿ."

"ಏನೂ ಸುಡವಲ್ಲೆ ಅತ್ತಿ, ಕಲ್ಲ ತೊಳಿಯಾಕತ್ತೇನಿ," ಎಂದಳು ಜಯಮಾಲಾ. ಹೇಳುವಾಗ ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿಸಿತು. ಎದ್ದು ನಿಂತಾಗ ಕಾಲು ನಿಲ್ಲಲಿಲ್ಲ. ಎದೆಗೆ ಹಗ್ಗ ಬಿಗಿದಂತಾಗಿ ಗೋಡೆ ಹಿಡಿದು ಕೋಣೆಗೆ ಬಂದರೆ, ಲಕ್ಕವ್ವ ಮಂಚದ ಅಂಚಿಗೆ ಕೂತು ಎರಡೂ ಕೈಯನ್ನು ಮೊಣಕಾಲ ಮೇಲೆ ಊರಿ ಗಾಳಿ ಎಳೆಯುತ್ತಿದ್ದಳು. ತುಟಿ ನೀಲಿಗಟ್ಟಿದ್ದವು.

ಅವರನ್ನು ಕಂಡದ್ದು ಸಾಬೀರಾ. ಮೀನು ನೋಡಲು ಬಂದವಳು ಬಾಗಿಲಲ್ಲೇ ಕೆಮ್ಮತೊಡಗಿ, ಸೆರಗಿನಿಂದ ಮುಖ ಕಟ್ಟಿಕೊಂಡು ಒಳಗೆ ಹೊಕ್ಕಳು. ಮೊದಲು ಮುದುಕಿಯನ್ನು, ಆಮೇಲೆ ಜಯಮಾಲಾಳನ್ನು ಅಂಗಳಕ್ಕೆ ಎಳೆತಂದು, ಕಿಟಕಿ ಬಾಗಿಲೆಲ್ಲ ತೆರೆದು, ಓಣಿಯವರನ್ನು ಕೂಗಿದಳು. ಅವಳಿಗೂ ಎರಡು ದಿನ ಜ್ವರ ಬಂತು.

ಅಂಬುಲೆನ್ಸ್ ಇಬ್ಬರನ್ನೂ ವಿಜಯಪುರಕ್ಕೆ ಒಯ್ದಿತು. ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೋಮಲ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಆಮ್ಲಜನಕ ಹಚ್ಚಿ, ಬಚ್ಚಲಿಗೆ ಯಾವ ಆಸಿಡ್ ಹಾಕಿದಿರಿ ಎಂದು ಕೇಳಿದರು. ಜಯಮಾಲಾ ಬರೀ ನೀರು ಎಂದಳು. ಡಾಕ್ಟರು ನಂಬಲಿಲ್ಲ. ಮರುದಿನ ಜ್ವರ ಸ್ವಲ್ಪ ಇಳಿದಾಗ ಅವರು ಮತ್ತೆ ಬಂದು ಹಾಸಿಗೆಯ ಅಂಚಿಗೆ ಕೂತು, ಮೊದಲಿನಿಂದ ಹೇಳ್ರಿ, ಏನನ್ನೂ ಬಿಡಬ್ಯಾಡ್ರಿ ಎಂದರು. ಕಲ್ಲು ಎಂಬ ಮಾತು ಬಂದಾಗ ತಡೆದು, ಎಂಥ ಕಲ್ಲು ಎಂದು ಕೇಳಿದರು. ಅಷ್ಟರಲ್ಲಿ ಪುಣೆಯಿಂದ ಓಡಿ ಬಂದಿದ್ದ ಶ್ರೀಶೈಲ ಫೋನಿನಲ್ಲಿದ್ದ ಹಳೆಯ ಫೋಟೋವನ್ನು ನಿಯಾಜನಿಗೆ ಕಳಿಸಿದ.

ನಿಯಾಜ್ ಆ ಕ್ಷಣವೇ ಫೋನ್ ಮಾಡಿದ. "ಅಣ್ಣಾ, ಅಕ್ಕ ಇದನ್ನ ಬಿಸಿನೀರಾಗ ಹಾಕಿದ್ರೇನು?"

ಹೌದೆಂದ ಶ್ರೀಶೈಲ. ಆ ಜಾತಿಯ ಹವಳದಲ್ಲಿ ವಿಷವಿರುತ್ತದೆಂದು, ಬರಿಗೈಲಿ ಮುಟ್ಟಬಾರದೆಂದು ನನಗೂ ಗೊತ್ತಿತ್ತು, ಕುದಿಸಿದರೆ ಅದು ಉಗಿಯಲ್ಲಿ ಏಳುತ್ತದೆಂದು ಎಲ್ಲೋ ಕೇಳಿದ್ದೆ, ಆದರೆ ಕಲ್ಲನ್ನು ಯಾರಾದರೂ ಕುದಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದು ಅವನು ತೊದಲಿದ. ಡಾಕ್ಟರ್ ಕೋಮಲ ಫೋನ್ ತೆಗೆದುಕೊಂಡು ಹವಳದ ಹೆಸರು ಕೇಳಿ, ತಮ್ಮ ಫೋನಿನಲ್ಲಿ ಹುಡುಕಿ ಓದುತ್ತ ಹೋದರು. ಓದಿ ಮುಗಿಸಿ ಶ್ರೀಶೈಲನನ್ನು ಹೊರಗೆ ಕರೆದೊಯ್ದು, ಇದಕ್ಕೆ ಮದ್ದೆಂಬುದಿಲ್ಲ, ಉಸಿರಿಗೆ ಆಸರೆ ಕೊಡುತ್ತ ಕಾಯಬೇಕು, ನಿಮ್ಮ ತಾಯಿಯ ವಯಸ್ಸೇ ನಮಗೆ ಚಿಂತೆ ಎಂದರು.

ವಿಷ ಎಂಬ ಶಬ್ದ ಕಿವಿಗೆ ಬಿದ್ದಾಗ ಜಯಮಾಲಾ ಯೋಚಿಸಿದ್ದು ತನ್ನ ಬಗ್ಗೆಯಲ್ಲ, ಅತ್ತೆಯ ಬಗ್ಗೆಯೂ ಅಲ್ಲ. ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸರಿಸಿ, ಸುದ್ದಿ ತಿಳಿದು ಬಂದು ಪಕ್ಕದಲ್ಲಿ ಕೂತಿದ್ದ ಮಗಳನ್ನು ಕೇಳಿದಳು: "ನಿನ್ನ ಕಲ್ಲು ಎಲ್ಲೈತಿ?"

ಸುನಂದಾ ಥಟ್ಟನೆ ಫೋನ್ ಕೈಗೆತ್ತಿಕೊಂಡಳು. ಮೀನು ಸಾಕಿದ್ದಕ್ಕೇ ಹೀಗಾಯಿತೆಂದು ಅತ್ತೆಮನೆಯವರು ಅಂದಿದ್ದರಂತೆ. ಅದಕ್ಕೇ ಬೆಳಿಗ್ಗೆ ಗಂಡ ಅನಿಲನಿಗೆ ಫೋನ್ ಮಾಡಿ, ಮೀನನ್ನು ಯಾರಿಗಾದರೂ ಕೊಟ್ಟು ತೊಟ್ಟಿ, ಕಲ್ಲು ಎಲ್ಲ ಬಿಸಿನೀರಲ್ಲಿ ತೊಳೆದಿಡಿ ಎಂದು ಅವಳೇ ಹೇಳಿದ್ದಳು. ಈಗ ಫೋನ್ ಮಾಡಿದರೆ ಅನಿಲ ಎತ್ತಲಿಲ್ಲ. ಮತ್ತೆ ಮಾಡಿದಳು. ಆ ಮನೆಯಲ್ಲಿ ಸುನಂದಾಳ ಎಂಟು ತಿಂಗಳ ಕೂಸು ಅನಿಲನ ತಾಯಿಯ ಕೈಲಿತ್ತು. ಫೋನ್ ಗಂಟೆ ಹೊಡೆಯುತ್ತಲೇ ಇತ್ತು. ಶ್ರೀಶೈಲ ಮುದ್ದೇಬಿಹಾಳದ ಪರಿಚಯದ ಲಾರಿಯವನಿಗೆ ಫೋನ್ ಹಚ್ಚಿ, ಓಡಿ ಹೋಗು, ಏನನ್ನೂ ಕೇಳಬೇಡ, ಕೂಸನ್ನು ಹೊರಗೆ ತಾ ಎಂದು ಕೂಗಿದ.

ಅವನು ಮುಟ್ಟುವ ಮೊದಲೇ ಅನಿಲ ಫೋನ್ ಮಾಡಿದ. ಹಾಲು ತರಲು ಹೋಗಿದ್ದನಂತೆ. "ಕಲ್ಲ ಬಕೆಟನ್ಯಾಗ ಐತ್ರಿ ಮಾವಾರ. ಮುಂಜಾನಿಂದ ಕರೆಂಟಿಲ್ಲ, ಗೀಜರ್ ಕಾದಿಲ್ಲ. ಬಂದ ಕೂಡಲೇ ತೊಳೀಬೇಕಂತ ಮಾಡೇನಿ."

ಜಯಮಾಲಾ ಗೋಡೆಯ ಕಡೆ ಹೊರಳಿದಳು. ಮಾಸ್ಕನ್ನು ಮತ್ತೆ ಮುಖಕ್ಕೆ ಎಳೆದುಕೊಂಡಳು.

ಲಕ್ಕವ್ವ ಎರಡನೆಯ ವಾರ ತೀರಿಕೊಂಡಳು. ಅದಕ್ಕೆ ಮುಂಚಿನ ಒಂದು ಮಧ್ಯಾಹ್ನ ಅವಳಿಗೆ ಪೂರ್ತಿ ಎಚ್ಚರವಿತ್ತು. ಸೊಸೆಯನ್ನು ಗಾಲಿಕುರ್ಚಿಯಲ್ಲಿ ಅವಳ ಹಾಸಿಗೆಯ ಬಳಿ ತಂದಿದ್ದರು. ಕಲ್ಲಿನ ವಿಷಯವನ್ನು ತಾನೇ ತಿಳಿಸಬೇಕೆಂದುಕೊಂಡಿದ್ದ ಜಯಮಾಲಾ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡದೆ. ಲಕ್ಕವ್ವ ಕೊನೆಯವರೆಗೂ ಕೇಳಿಸಿಕೊಂಡಳು.

"ಮೀನಿಗೆ ಯಾರ ಹಾಕಾಕತ್ತಾರ ಈಗ?" ಎಂದು ಕೇಳಿದಳು.

ಸಾಬೀರಾ ಎಂದಳು ಜಯಮಾಲಾ.

"ಆಕಿಗೆ ಹೇಳು, ಭಾಳ ಹಾಕಬ್ಯಾಡ ಅಂತ. ಕೊಟ್ಟಷ್ಟೂ ತಿಂತಾವ ಅವು."

ಅತ್ತೆ ಕ್ಷಮಿಸಿದಳೋ ಇಲ್ಲವೋ ಜಯಮಾಲಾಳಿಗೆ ಕೊನೆಗೂ ತಿಳಿಯಲಿಲ್ಲ. ಮಣ್ಣಿಗೆ ಬಂದ ನೆಂಟರಲ್ಲಿ ಹಲವರು, ಲಿಂಗವಂತರ ಮನೆಯಲ್ಲಿ ಮೀನು ಸಾಕಿದ ಫಲ ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಕೆಲವರು ತೊಟ್ಟಿ ಒಡೆಯಲು ಎದ್ದರು. ಮೀನಿನದು ಏನೂ ತಪ್ಪಿಲ್ಲ, ಉಗಿ ಎಬ್ಬಿಸಿದವಳು ನಾನು ಎಂದು ಜಯಮಾಲಾ ಬಾಗಿಲಿಗೆ ಅಡ್ಡ ನಿಂತಳು. ನಿಂತಲ್ಲೇ ಕೆಮ್ಮು ಬಂದು ಕೂತುಬಿಟ್ಟಳು. ಎದ್ದವರು ಹಿಂದೆ ಸರಿದರು.

ದಿನಕರ್ಮ ಮುಗಿದ ಮೇಲೆ ಅವಳು ಶ್ರೀಶೈಲನನ್ನು ಕರೆದುಕೊಂಡು ಉಳಿದ ಚೂರುಗಳನ್ನು ತರಲು ಹೊರಟಳು. ಮನೆಯ ಕಲ್ಲನ್ನು ಡಾಕ್ಟರು ಹೇಳಿದಂತೆ ಕೈಗವಸು, ಮಾಸ್ಕು ಹಾಕಿಕೊಂಡು ಬ್ಲೀಚಿಂಗ್ ನೀರಿನ ಡಬ್ಬಿಯಲ್ಲಿ ಮುಳುಗಿಸಿ ಬಿಗಿದಿದ್ದರು. ಮುದ್ದೇಬಿಹಾಳದ್ದೂ ಅದೇ ಡಬ್ಬಿ ಸೇರಿತು. ಫೋನಿನಲ್ಲಿ ಸಿಂದಗಿಯ ಧರ್ಮರಾಜ ಮೇಷ್ಟ್ರು ನಕ್ಕು, ವರ್ಷದಿಂದ ನನ್ನ ಮನೆಯಲ್ಲಿದೆ ಅಕ್ಕಾರ, ಏನೂ ಆಗಿಲ್ಲ, ಹೆದರಬ್ಯಾಡ್ರಿ ಎಂದಿದ್ದರು. ಜಯಮಾಲಾ ಅವರ ಮನೆಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರಿಗೆ ಒದ್ದಾಡಿದ್ದನ್ನು ಕಂಡು ಅವರ ನಗೆ ಆರಿತು. ಒಳಗಿದ್ದ ಹೆಂಡತಿ ಮಕ್ಕಳನ್ನು ಅಂಗಳಕ್ಕೆ ಕರೆದರು. ಚೂರನ್ನು ತಾವೇ ತೆಗೆಯಹೋದವರನ್ನು ತಡೆದು ಶ್ರೀಶೈಲ ಕೈಗವಸು ಹಾಕಿಕೊಂಡ. ಅವರ ತೊಟ್ಟಿಯಲ್ಲಿ ಅದು ನಾಣ್ಯದಷ್ಟಿದ್ದದ್ದು ಅಂಗೈಯಷ್ಟಾಗಿತ್ತು.

ಬಸವನ ಬಾಗೇವಾಡಿಯಲ್ಲಿ ಬಾಬುಲಾಲ ಸೇಠರ ಅಂಗಡಿಗೆ ಹೊಸ ಫರ್ನಿಚರ್ ಬಂದಿತ್ತು. ತೊಟ್ಟಿ ಇದ್ದ ಜಾಗದಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ನಿಂತಿತ್ತು.

"ತೊಟ್ಟಿ ಎಲ್ರಿ ಸೇಠ್ರ?"

"ದೀಪಾವಳಿ ಮುಂದ ಕೊಟ್ಟಬಿಟ್ನಿ, ಬಾಯಿ. ಯಾವನೋ ಬಂದಿದ್ದ, ಮಕ್ಕಳು ಹಟಾ ಮಾಡತಾವ ಅಂತ. ಮೀನ, ಕಲ್ಲು, ನೀರು ಎಲ್ಲಾ ಕೂಡೇ ಒಯ್ದ."

ಯಾರು, ಎಲ್ಲಿಯವನು ಎಂದು ಎಷ್ಟು ಕೇಳಿದರೂ ಸೇಠರಿಗೆ ನೆನಪಾದದ್ದು ಇಷ್ಟೇ: ಗೂಡ್ಸ್ ಆಟೋ, ಮುಳವಾಡದ ಕಡೆಯ ಮಾತು. ವಿಷಯ ತಿಳಿದ ಮೇಲೆ ಅವರೂ ಕೈ ಹಿಸುಕಿಕೊಂಡು, ಬರುವ ಗಿರಾಕಿಗಳನ್ನೆಲ್ಲ ಕೇಳುತ್ತೇನೆಂದು ಮಾತು ಕೊಟ್ಟರು. ಅಂದೇ ಸಂಜೆ ಗಂಡ ಹೆಂಡತಿ ಮುಳವಾಡಕ್ಕೆ ಹೋದರು. ಆಟೋ ಇದ್ದವರ ಮನೆಗಳಿಗೆ ಹೋದರು, ಚಹಾದಂಗಡಿಯಲ್ಲಿ ಕೇಳಿದರು. ಬಣ್ಣದ ಮೀನು ಸಾಕಿದ ಒಂದು ಮನೆಗೆ ಯಾರೋ ಕರೆದೊಯ್ದರು. ಅದು ಸಿಹಿನೀರಿನ ಮೀನು, ತಳದಲ್ಲಿ ಬರೀ ಗೋಲಿ. ಹೊಲದ ಬದುವಿನಲ್ಲಿ ಕೂತಿದ್ದ ಒಬ್ಬ ಮುದುಕ, ಮಕ್ಕಳಿರೋ ಮನಿ ಅಂದ್ರ ಊರೆಲ್ಲಾ ಅದ ಐತಲ್ಲವ್ವ, ಯಾವುದಂತ ಹೇಳ್ಲಿ ಎಂದ.

ಈಗ ಮೂರು ವರ್ಷವಾಯಿತು. ಜಯಮಾಲಾ ಕೇಸರಿ ಮೀನಿನ ಮರಿ ಮಾಡುವುದನ್ನು ಬಿಟ್ಟಿಲ್ಲ. ತೊಟ್ಟಿಯಲ್ಲಿ ಕಲ್ಲಿಲ್ಲ, ಬರೀ ಗಾಜು ಮತ್ತು ಹೊಸ ಕುಡಿಕೆ. ಮರಿ ಕೊಳ್ಳಲು ಬಂದವರನ್ನು ಕೂರಿಸಿ ಗುಂಡಿಹೂವಿನ ಫೋಟೋ ತೋರಿಸಿ, ಇದನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದ ಮೇಲೆಯೇ ಮೀನು ಕೊಡುತ್ತಾಳೆ. ಚಳಿಗಾಲದಲ್ಲಿ ಅವಳಿಗೆ ಬಾಯಿಗಿಟ್ಟು ಎಳೆಯುವ ಉಸಿರಿನ ಪಂಪು ಬೇಕು. ಮಹಡಿ ಹತ್ತುವುದಿಲ್ಲ.

ಶ್ರೀಶೈಲ ಮೊನ್ನೆ ಸಮಾಧಾನ ಹೇಳಿದ: ಮೂರು ವರ್ಷ ಯಾವ ಸುದ್ದಿಯೂ ಬಂದಿಲ್ಲ, ಉಪ್ಪುನೀರು ಸಿಗದೆ ಅದು ಎಂದೋ ಸತ್ತಿರಬೇಕು, ಬಿಡು.

ಅವಳು ರೋಟಿಫರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಸತ್ತಿದ್ರ ಆ ಕಲ್ಲ ಅವರ ಮನ್ಯಾಗ ಒಣಗಿ ಬಿದ್ದಿರತೈತಿ," ಎಂದಳು. "ಒಣಗಿದ ಮ್ಯಾಲೂ ವಿಷ ಹೋಗೂದಿಲ್ಲಂತ ಡಾಕ್ಟರ್ ಬಾಯಾರ ಹೇಳ್ಯಾರ. ಯಾರಾರ ಒಬ್ರು ಹಬ್ಬಕ್ಕ ಮನಿ ತೊಳೀತಾರಲ್ರಿ."

ಯುಗಾದಿಗೆ ಇನ್ನೂ ಒಂದು ವಾರವಿತ್ತು. ಶ್ರೀಶೈಲ ಲಾರಿಯ ಕೀಲಿ ತೆಗೆದುಕೊಂಡು ಮುಳವಾಡದ ಕಡೆ ಹೊರಟ.